ಸಿಲ್ವರ್ ಬಳಿದ ಬಾಗಿಲು

ಎದುರು ಮನೆಯ ಗೇಟಿಗೆ ಇವತ್ತು ಬಣ್ಣ ಹೊಡೆಯುತ್ತಿದ್ದಾರೆ. ಟರ್ಪೆಂಟೈನ್ ವಾಸನೆ ನಮ್ಮ ಜಗಲಿವರೆಗೂ ಬಂದಿದೆ. ಆ ವಾಸನೆಗೆ ನಿಮಗೆ ಹಬ್ಬ ನೆನಪಾಗಬಹುದು. ನನಗೆ ನನ್ನ ದಡ್ಡತನ ನೆನಪಾಗುತ್ತದೆ.

ಮದ್ದೂರಿನ ಹಳೇ ರಸ್ತೆಯಲ್ಲಿ ನನ್ನದೊಂದು ಮಳಿಗೆ. ಹನ್ನೆರಡು ವರ್ಷ ಬಾಷಾ ಅದರಲ್ಲಿ ಸ್ಕೂಟರ್ ರಿಪೇರಿ ಮಾಡುತ್ತಿದ್ದ. ಪುಸ್ತಕ, ಚೀಟಿ ಯಾವುದೂ ಅವನಿಗೆ ಆಗಿಬರುತ್ತಿರಲಿಲ್ಲ. ಯಾರ ಗಾಡಿಗೆ ಏನು ಕಾಯಿಲೆ, ಯಾರ ಫೋನ್ ನಂಬರು, ಮಗಳ ಪರೀಕ್ಷೆ ಯಾವತ್ತು, ಎಲ್ಲವನ್ನೂ ಮಳಿಗೆಯ ತಗಡಿನ ಬಾಗಿಲ ಮೇಲೆ ಬಣ್ಣದಲ್ಲಿ ಬರೆಯುತ್ತಿದ್ದ. ನಾನು ದಿನಾ ಅಲ್ಲಿ ಕೂತು, ಟೀ ಕುಡಿದು, ಊರವರನ್ನೆಲ್ಲ ಆಡಿಕೊಂಡು ಎದ್ದು ಬರುತ್ತಿದ್ದೆ. ಬಾಗಿಲನ್ನು ಒಂದು ದಿನವೂ ನೆಟ್ಟಗೆ ಓದಲಿಲ್ಲ.

ಅವನು ತೀರಿಕೊಂಡಾಗ ಮಗಳು ರೇಷ್ಮಾ ಚಿತ್ರಕಲೆ ಓದುತ್ತಿದ್ದಳು. ಚಿತ್ರ ಅಂದರೆ ನವಿಲು, ಹೊಳೆ ಅಲ್ಲ ಮತ್ತೆ. ಬಸ್‌ಸ್ಟ್ಯಾಂಡಿನ ಹರಿದ ಪೋಸ್ಟರು, ನಜ್ಜುಗುಜ್ಜಾದ ನಂಬರ್ ಪ್ಲೇಟು, ಒಡೆದ ಹೆಡ್‌ಲೈಟು ಆಯ್ದು ತಂದು ಹಲಗೆಗೆ ಜಡಿದು, ಮೇಲೆ ಗೋಡೆಬರಹದ ಹಾಗೆ ದಪ್ಪ ದಪ್ಪ ಅಕ್ಷರ ಸ್ಪ್ರೇ ಮಾಡುವುದು. ಗುಜರಿಗೆ ಹಾಕುವುದನ್ನು ಗೋಡೆಗೆ ಹಾಕುತ್ತೀಯಲ್ಲವ್ವಾ ಎಂದು ರೇಗಿಸುತ್ತಿದ್ದೆ, ನಗುತ್ತಿದ್ದಳು. ಹೊಸ ಬಾಡಿಗೆಯವರು ಶಟರು ಹಾಕಿಸಿದಾಗ ಹಳೇ ಬಾಗಿಲು ಬಿಚ್ಚಿಟ್ಟಿದ್ದೆ. ಅದು ತನ್ನ ಚಿತ್ರಕ್ಕೆ ಬೇಕು, ಭಾನುವಾರ ಬರುತ್ತೇನೆ ಎಂದು ಫೋನು ಮಾಡಿದಳು.

ಹೆಣ್ಣುಮಗಳಿಗೆ ಏನು ಕೊಟ್ಟರೂ ತೊಳೆದು ಕೊಡಬೇಕು ಅಂತ ನಮ್ಮವ್ವ ಕಲಿಸಿದ್ದಳು. ಇದು ಅಪ್ಪನಿಲ್ಲದ ಮಗು ಬೇರೆ. ಆ ಬರಹವೆಲ್ಲ ನನ್ನ ಕಣ್ಣಿಗೆ ಬರೀ ಕೊಳೆ. ಶನಿವಾರ ಆಳಿಟ್ಟು ಸೀಮೆಎಣ್ಣೆಯಲ್ಲಿ ಬಾಗಿಲು ಉಜ್ಜಿಸಿ, ಎರಡು ಕೋಟು ಸಿಲ್ವರ್ ಹೊಡೆಸಿದೆ. ಮುಖ ಕಾಣುವಂತೆ ಹೊಳೆಯಿತು. ಬಲು ಹೆಮ್ಮೆಪಟ್ಟೆ.

ರೇಷ್ಮಾ ಬಂದು ನೋಡಿದಳು. ಅಂಗೈಯಲ್ಲಿ ತಗಡನ್ನು ಸವರಿದಳು.

"ನಮ್ಮ ಅಬ್ಬಾ ಬರ್ದಿದ್ದು ಇದೊಂದ್ರಲ್ಲೇ ಇತ್ತು ಮಾಮ. ಮನೇಲಿ ಒಂದಕ್ಸರಾನೂ ಇಲ್ಲ."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಬೈಯದೆ ಬಾಗಿಲನ್ನು ಲಗೇಜ್ ಆಟೋಗೆ ಹಾಕಿಸಿಕೊಂಡು ಹೋದಳು.

ತಿಂಗಳಾದ ಮೇಲೆ ಭಾರತೀನಗರದ ಮನೆಗೆ ಕರೆಸಿಕೊಂಡಳು. ಬಾಗಿಲ ಸುತ್ತ ಪ್ಲೇಟು, ಪೋಸ್ಟರು ಜಡಿದಿದ್ದಳು. ನಡುವೆ ಸಿಲ್ವರನ್ನು ಬೋಳಾಗಿಯೇ ಬಿಟ್ಟಿದ್ದಳು. ಕುಂಚವನ್ನು ನನ್ನ ಕೈಗಿಟ್ಟಳು.

"ನೀವು ದಿನಾ ನೋಡ್ತಿದ್ರಲ್ಲ ಮಾಮ. ಏನೇನ್ ಬರ್ದಿತ್ತೋ ಬರೀರಿ."

ಅರ್ಧ ಗಂಟೆ ನಿಂತೆ. ಒಂದೇ ಸಾಲು ನೆನಪಾಯಿತು, ಅದೂ ನನ್ನ ವಿಷಯವಾದ್ದರಿಂದ: 'ಗೌಡ್ರ ಗಾಡಿ ಬ್ರೇಕು ವೀಕು, ನಿಧಾನ್ಕೆ ಓಗಿ ಅನ್ಬೇಕು.' ಅಷ್ಟು ಬರೆದೆ.

ಈಗಲೂ ಹೋದಾಗಲೆಲ್ಲ ಅವಳು ಕುಂಚ ತಂದು ಮುಂದಿಡುತ್ತಾಳೆ. ನಾನು ಬೋಳು ತಗಡನ್ನು ನೋಡುತ್ತಾ ಕೂತು ಎದ್ದು ಬರುತ್ತೇನೆ. ಇವತ್ತು ಸಂಜೆಯೂ ಹೋಗಬೇಕು. ಎರಡನೇ ಸಾಲು ಇನ್ನೂ ಬಂದಿಲ್ಲ.