ದೂಮಜ್ಜನಿಗೆ ಎಲೆ ಇಲ್ಲ

ಸತ್ತವರು ಬರುತ್ತಾರೆ, ಉಣ್ಣುತ್ತಾರೆ ಎಂದು ಯಾರಾದರೂ ಹೇಳಿದರೆ ಮಾತು ಮುಗಿಯುವ ಮೊದಲೇ ನಕ್ಕುಬಿಡುತ್ತಿದ್ದವನು ನಾನು. ಉರ್ವದಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡವನಿಗೆ ಕಣ್ಣಿಗೆ ಕಾಣದ್ದರ ಮೇಲೆ ಅಷ್ಟೇನೂ ಗೌರವ ಇರುವುದಿಲ್ಲ. ಈಗಲೂ ಕುಲೆಗಳನ್ನು, ಅಂದರೆ ಸತ್ತವರ ಆತ್ಮಗಳನ್ನು, ನಂಬುತ್ತೇನೆ ಎಂದು ಎದೆ ತಟ್ಟಿ ಹೇಳಲಾರೆ. ಆದರೆ ಮೊದಲಿನ ಹಾಗೆ ನಗಲು ಆಗುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಗುವವರು ನಗಲಿ.

ನನಗೊಂದು ಹುಚ್ಚು ಇದೆ. ಮೊದಲನೆಯ ಮಹಾಯುದ್ಧದ ಕಂದಕಗಳು, ಅವುಗಳ ಮೇಲೆ ಹಾರಾಡಿ ಒಬ್ಬರನ್ನೊಬ್ಬರು ಹೊಡೆದುರುಳಿಸಿದ ಆ ಕಾಲದ ಪೈಲಟ್‌ಗಳು. ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಬಿದಿರಿನ ಕಡ್ಡಿ, ಬಟ್ಟೆ, ದಾರದಿಂದ ಎರಡು ಅಂತಸ್ತಿನ ರೆಕ್ಕೆಯ ವಿಮಾನಗಳನ್ನು ಮಾಡಿ ಅಂಗಡಿಯಲ್ಲಿ ತೂಗುಹಾಕಿದ್ದೇನೆ. ಆ ಕಾಲದ ಕೆಲವು ಎಂಜಿನ್‌ಗಳಿಗೆ ನಮ್ಮ ಹರಳೆಣ್ಣೆಯನ್ನೇ ಹಾಕುತ್ತಿದ್ದರು. ಅದು ಉರಿದು ಹೊಗೆಯಾಗಿ ಪೈಲಟ್‌ನ ಮುಖಕ್ಕೆ ಬಡಿಯುತ್ತಿತ್ತು. ಆ ವಾಸನೆ ಹೇಗಿರಬಹುದು ಎಂದು ತಿಳಿಯಲು ಒಮ್ಮೆ ನಮ್ಮ ತಾರಸಿಯಲ್ಲಿ ಹಳೆಯ ಬಾಣಲೆಯಲ್ಲಿ ಹರಳೆಣ್ಣೆ ಸುಟ್ಟಿದ್ದೆ. ಹೆಂಡತಿ ಬಾಣಲೆಗೂ ನನಗೂ ಸೇರಿಸಿ ಬೈದಳು. ಬಾಣಲೆಯನ್ನು ಎಸೆದದ್ದಾಯಿತು, ಮೂಗಿಗೆ ಹತ್ತಿದ ಆ ವಾಸನೆಯನ್ನು ಮಾತ್ರ ಮರೆಯಲಿಲ್ಲ.

ಅಮ್ಮನ ತರವಾಡು ಮನೆ, ಅಂದರೆ ಕುಟುಂಬದ ಮೂಲಮನೆ, ಇರುವುದು ವಾಮಂಜೂರಿನಲ್ಲಿ. ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ ಅಲ್ಲಿ ಸತ್ತ ಹಿರಿಯರಿಗೆ ಬಡಿಸುವ ಕ್ರಮ ಉಂಟು. ಒಬ್ಬೊಬ್ಬರಿಗೆ ಒಂದೊಂದು ಬಾಳೆಲೆ; ಕೋಳಿ, ರೊಟ್ಟಿ, ಮೀನು, ಅವರವರಿಗೆ ಇಷ್ಟವಾದದ್ದು. ಹೆಸರು ಹೇಳಿ ಕರೆದು, ಬಾಗಿಲು ಮುಚ್ಚಿ, ನಾವೆಲ್ಲ ಹೊರಗೆ ಕಾಯಬೇಕು. ಸ್ವಲ್ಪ ಹೊತ್ತಾದ ಮೇಲೆ ಮನೆಯ ಯಜಮಾನ, ಅಂದರೆ ಅಮ್ಮನ ತಮ್ಮ, ನನ್ನ ಮಾವ, ಕೆಮ್ಮಿ ಸದ್ದು ಮಾಡಿ ಬಾಗಿಲು ತೆಗೆಯುತ್ತಾರೆ. ಆಮೇಲೆ ನಮ್ಮ ಊಟ.

ಆ ಸಾಲಿನಲ್ಲಿ ಎಲೆ ಇಲ್ಲದವರು ಒಬ್ಬರೇ, ದೂಮಜ್ಜ. ನನ್ನ ಅಜ್ಜಿಯ ಅಣ್ಣ. ಮೀಸೆ ಸರಿಯಾಗಿ ಮೂಡುವ ಮೊದಲೇ, ಆ ಮಹಾಯುದ್ಧಕ್ಕೆ, ಕಂದಕ ತೋಡುವ ಕೂಲಿಯಾಗಿ ಹಡಗು ಹತ್ತಿದವರು ತಿರುಗಿ ಬರಲಿಲ್ಲ. ಸತ್ತ ಸುದ್ದಿಯೂ ಬರಲಿಲ್ಲ. ಎಲೆ ಹಾಕಿದರೆ ಅಣ್ಣನನ್ನು ಕೈಯಾರೆ ಕೊಂದ ಹಾಗೆ ಎಂದು ಅಜ್ಜಿ ಹಾಕಲಿಲ್ಲ. ಪ್ರಾಣ ಬಿಡುವ ಮುನ್ನ ಮಾತ್ರ, “ಇನ್ನು ಅಣ್ಣನಿಗೂ ಹಾಕು” ಎಂದು ಅಮ್ಮನ ಕಿವಿಯಲ್ಲಿ ಹೇಳಿದ್ದರಂತೆ. ಮಾವ ಅದನ್ನು ಕೇಳಿರಲಿಲ್ಲ, ಹಾಗಾಗಿ ನಂಬಲೂ ಇಲ್ಲ.

ಆ ವರ್ಷ ಅಮ್ಮನಿಗೆ ಕಾಯಿಲೆ ಜೋರಾಗಿತ್ತು. ಮುಂದಿನ ಆಟಿ ಕಾಣುವುದಿಲ್ಲವೆಂದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಸಾಯುವ ಮೊದಲು ದೂಮಜ್ಜನಿಗೆ ಒಂದು ಎಲೆ ಬೀಳಬೇಕು ಎನ್ನುವುದೊಂದೇ ಅವರ ಆಸೆ. ನಾನು ಬಾಗಿಲ ಪಕ್ಕದಲ್ಲಿ ಒಂದು ಎಲೆ ಹಾಸಿದೆ. ಮಾವ ಅದನ್ನು ಎತ್ತಿ ಅಂಗಳಕ್ಕೆ ಎಸೆದರು.

“ಸತ್ತದ್ದನ್ನು ಯಾರು ನೋಡಿದ್ದಾರೆ ಮಾರಾಯ? ಸುದ್ದಿ ಬಾರದವನಿಗೆ ಎಲೆ ಹಾಕುವ ಕ್ರಮ ಇಲ್ಲ.”

“ಬದುಕಿದ್ದರೆ ಅವರೀಗ ಲೋಕಕ್ಕೇ ಹಿರಿಯರು, ಮಾವ.”

“ಅದೆಲ್ಲ ನನಗೆ ಗೊತ್ತುಂಟು. ನನ್ನ ಅಮ್ಮ ಹಾಕಲಿಲ್ಲ, ನಾನೂ ಹಾಕುವುದಿಲ್ಲ.”

ಅಮ್ಮ ಕುರ್ಚಿಯಲ್ಲಿ ಕುಳಿತೇ ಹೇಳಿದರು, “ಆಯ್ತು. ನೀನು ಹಾಕಬೇಡ. ಮುಂದಿನ ಸಲ ನನ್ನ ಎಲೆಗೆ ಸ್ವಲ್ಪ ಜಾಸ್ತಿ ಬಡಿಸು. ನಾನೇ ಅವರಿಗೆ ಕೊಡ್ತೇನೆ.”

ಮಾವ ಬಾಗಿಲು ಮುಚ್ಚಿದರು. ನನ್ನ ಮೈ ಉರಿಯುತ್ತಿತ್ತು. ಆ ಯುದ್ಧದಲ್ಲಿ ಶತ್ರುವಿನ ಪೈಲಟ್ ಸತ್ತರೂ ಎದುರು ಪಕ್ಷದವರು ವಿಮಾನದಲ್ಲಿ ಬಂದು ಹೂಮಾಲೆ ಎಸೆದು ಹೋದದ್ದುಂಟು. ಕೊಂದವರಿಗಿದ್ದ ಆ ಮರ್ಯಾದೆ ಹೆತ್ತ ಮನೆಗೆ ಇಲ್ಲವಲ್ಲ ಎಂದು ಹಲ್ಲು ಕಚ್ಚಿಕೊಂಡು ನಿಂತಿದ್ದೆ.

ಮಾವ ಕೆಮ್ಮಿ ಬಾಗಿಲು ತೆಗೆದರು. ಒಳಗಿನಿಂದ ವಾಸನೆ ಬಂತು. ಕೋಳಿಸಾರಿನದ್ದಲ್ಲ, ದೀಪದ್ದಲ್ಲ. ಸುಟ್ಟ ಹರಳೆಣ್ಣೆಯ ವಾಸನೆ, ನಮ್ಮ ತಾರಸಿಯಲ್ಲಿ ಬಂದಿತ್ತಲ್ಲ, ಅದೇ. ದೀಪಕ್ಕೆ ಹಾಕಿದ್ದು ತೆಂಗಿನೆಣ್ಣೆ. ಆ ಮನೆಯಲ್ಲಿ ಹರಳೆಣ್ಣೆ ಇರಲೇ ಇಲ್ಲ, ಅಡುಗೆಮನೆಯನ್ನೆಲ್ಲ ಆಮೇಲೆ ಹುಡುಕಿದ್ದೇನೆ.

“ಎಂತ ಇದು, ಹರಳೆಣ್ಣೆ ಕರಟಿದ ಹಾಗೆ?” ಎಂದರು ಅಮ್ಮ. ಮಾವ ನನ್ನ ಕಡೆ ತಿರುಗಿ, “ನಿನ್ನ ವಿಮಾನದ ಹುಚ್ಚು ಇಲ್ಲಿಗೂ ತಂದೆಯಾ?” ಎಂದು ರೇಗಿದರು. ನನ್ನ ತಾರಸಿಯ ಕಥೆ ಅವರಿಗೆ ಗೊತ್ತಿತ್ತು.

ಉರ್ವಕ್ಕೆ ಮರಳುವಾಗ ರಿಕ್ಷಾದಲ್ಲಿ ಅಮ್ಮ ತಾವಾಗಿಯೇ ಒಂದು ಮಾತು ತೆಗೆದರು. ದೂಮಜ್ಜನ ಜೊತೆ ಹೋಗಿ ತಿರುಗಿ ಬಂದಿದ್ದ ಬೆಂಗ್ರೆಯವರೊಬ್ಬರು ಅಜ್ಜಿಗೆ ಹೇಳಿದ್ದರಂತೆ: ಮಣ್ಣು ಅಗೆಯುತ್ತಿದ್ದವನನ್ನು ಆಮೇಲೆ ಹಾರುವ ಬಂಡಿಗಳ ಹತ್ತಿರ ಹಾಕಿದರು, ಬಂಡಿಗೆ ಹಿಡಿದ ಎಣ್ಣೆ ಒರೆಸುವ ಕೆಲಸ, ಅವನ ಬಟ್ಟೆಯೆಲ್ಲ ಎಣ್ಣೆ ನಾರುತ್ತಿತ್ತು ಎಂದು. ಇದನ್ನು ನಾನು ಕೇಳಿದ್ದು ಅದೇ ಮೊದಲು. ಯಾವ ಎಣ್ಣೆ ಎಂದು ಅಮ್ಮನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಇಷ್ಟು ವರ್ಷ ನಾನು ನೋಡಿದ ಫೋಟೋಗಳಲ್ಲೆಲ್ಲ ವಿಮಾನಕ್ಕೆ ಒರಗಿ ನಿಂತ ಪೈಲಟ್ ಇದ್ದ, ಅವನ ಹೆಸರೂ ಇತ್ತು. ಒರೆಸುವ ಬಟ್ಟೆ ಹಿಡಿದವರ ಮುಖವನ್ನು ಯಾರೂ ತೆಗೆದಿರಲಿಲ್ಲ.

ಮುಂದಿನ ಆಟಿಯಲ್ಲಿ ಅಮ್ಮನಿಗೂ ಎಲೆ ಬಿತ್ತು. ನಾನೇ ಬಡಿಸಿದೆ, ಅವರು ಹೇಳಿದ ಹಾಗೆ ರೊಟ್ಟಿ, ಕೋಳಿ ಎಲ್ಲ ಎರಡು ಪಾಲು. ಮಾವ ಬಗ್ಗಿ ನೋಡಿದರು. “ಅಕ್ಕ ಅಷ್ಟು ತಿನ್ನುವವಳಲ್ಲ” ಎಂದು ಹೆಚ್ಚಿನ ಪಾಲನ್ನು ತಮ್ಮ ಕೈಯಾರೆ ತೆಗೆದು ಪಾತ್ರೆಗೆ ಹಾಕಿದರು. ಅಮ್ಮನ ಮಾತು ಅವರಿಗೆ ಮರೆತಿರಲಿಲ್ಲ. ಮರೆತಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಬಾಗಿಲು ತೆಗೆದಾಗ ಮತ್ತೆ ಅದೇ ವಾಸನೆ, ಹೋದ ಸಲಕ್ಕಿಂತ ಗಾಢವಾಗಿ, ಅಮ್ಮನ ಎಲೆಯ ಸುತ್ತ. ಮಾವನ ಮೂಗು ಅರಳಿದ್ದನ್ನು ನಾನು ನೋಡಿದೆ. ಈ ಸಲ ಅವರು ನನ್ನನ್ನು ಬೈಯಲಿಲ್ಲ.

“ಮುಚ್ಚಿದ ಕೋಣೆ ಅಲ್ವಾ,” ಎಂದರು, “ಕಿಟಕಿ ತೆಗಿ.”

ಆ ವಾಸನೆ ಎಲ್ಲಿಂದ ಬಂತು ಎಂದು ನನಗೆ ಇಂದಿಗೂ ಗೊತ್ತಿಲ್ಲ. ಅಮ್ಮ ಇದ್ದ ಅರ್ಧದಲ್ಲೇ ದೂಮಜ್ಜನಿಗೂ ಕೊಟ್ಟರೋ, ಅವರು ಎಲೆಯ ಪಕ್ಕ ಸುಮ್ಮನೆ ಕುಳಿತು ಹೋದರೋ, ಅದೂ ಗೊತ್ತಿಲ್ಲ. ಕಿಟಕಿಯನ್ನು ಮಾತ್ರ ನಾನು ತೆಗೆಯಲಿಲ್ಲ.