ಕೌದಿ ಹೊದ್ದ ಸಮುದ್ರ

ಹೊಸಪೇಟೆಯಲ್ಲಿ ನಲ್ಲಿ ತಿರುಗಿಸಿದರೆ ಡ್ಯಾಮಿನ ಸಿಹಿನೀರು ಬರುತ್ತದೆ. ಆ ನೀರನ್ನು ಸೋಸಿ, ಅದಕ್ಕೆ ಪ್ಯಾಕೆಟ್ಟಿನ ಸಮುದ್ರದ ಉಪ್ಪು ಬೆರೆಸಿ, ಹಾಲ್‌ನಲ್ಲಿ ಗಾಜಿನ ಸಮುದ್ರವೊಂದನ್ನು ಮಾಡಿಕೊಂಡು ಕೂತವಳು ಈ ಊರಿಗೆಲ್ಲ ನಾನೊಬ್ಬಳೇ ಇರಬೇಕು. ಮದುವೆಯಾದ ಹೊಸತರಲ್ಲಿ ನಾನು ಟ್ಯಾಂಕ್ ತಂದಿಟ್ಟಾಗ ನನ್ನ ಅತ್ತೆ, "ಮಂದಿ ಮೀನಿಗೆ ಉಪ್ಪು ಹಚ್ಚಿ ಹುರೀತಾರ. ನೀ ಉಪ್ಪಿನ ನೀರಾಗ ಬಿಟ್ಟು ಮುದ್ದು ಮಾಡ್ತಿ" ಎಂದು ನಕ್ಕಿದ್ದರು.

ನಾನು ಸಂಡೂರು ರಸ್ತೆಯ ಲ್ಯಾಬ್ ಒಂದರಲ್ಲಿ ಅದಿರು ಪರೀಕ್ಷೆ ಮಾಡುವವಳು. ಬೆಳಗಿನಿಂದ ಸಂಜೆಯವರೆಗೆ ಕೆಂಪು ಪುಡಿ, ಅದರಲ್ಲಿ ಕಬ್ಬಿಣವೆಷ್ಟು ಎಂಬ ಲೆಕ್ಕ. ನನ್ನ ಗಂಡನಿಗೆ ಯಶವಂತನಗರದ ಗಣಿಯಲ್ಲಿ ಕೆಲಸ. ಕಂಪನಿ ಬಸ್ಸಿನಿಂದ ಇಳಿದರೆ ಹುಬ್ಬು ಸಹ ಕೆಂಪಾಗಿರುತ್ತದೆ. ಇಂಥ ದೂಳಿನಿಂದ ಮನೆಗೆ ಬಂದು ನೀಲಿ ಬೆಳಕಿನ ನೀರಿನ ಮುಂದೆ ಕೂತರೆ ನನ್ನ ಕಣ್ಣಿಗೂ ತಲೆಗೂ ತಂಪು. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ಓಡಾಡುವ ನಾನು ಸುಮ್ಮನೆ ಕೂರುವುದು ಅಲ್ಲಿ ಮಾತ್ರ. ಆ ಹೊತ್ತಿನಲ್ಲಿ ಮನೆಯವರೂ ನನ್ನನ್ನು ಮಾತಾಡಿಸುವುದಿಲ್ಲ.

ನಕ್ಕಿದ್ದ ಅತ್ತೆಯೇ ನಿಧಾನಕ್ಕೆ ಆ ಟ್ಯಾಂಕಿನ ಯಜಮಾನಿಕೆ ತೆಗೆದುಕೊಂಡರು. ಅವರು ಕೌದಿ ಹೊಲಿಯುವವರು. ಹಳೆ ಸೀರೆ, ಹಳೆ ಅಂಗಿ ತುಂಡು ಮಾಡಿ, ಓಣಿಯ ಮೂರ್ನಾಲ್ಕು ಹೆಂಗಸರನ್ನು ಕೂಡಿಸಿಕೊಂಡು, ಮಧ್ಯಾಹ್ನವೆಲ್ಲ ಟ್ಯಾಂಕಿನ ಪಕ್ಕದಲ್ಲೇ ಕಾಲು ಚಾಚಿ ಹೊಲಿಗೆ ಹಾಕುತ್ತಾರೆ. ಬೆಳಿಗ್ಗೆ ಮೀನಿಗೆ ಕಾಳು ಹಾಕುವುದು ಅವರದೇ ಕೆಲಸವಾಯಿತು. ಟ್ಯಾಂಕಿನಲ್ಲಿ ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟೆಯ ಕ್ಲೌನ್ ಮೀನುಗಳ ಜೋಡಿಯಿತ್ತು. ಹೆಣ್ಣು ದೊಡ್ಡದು, ಗಂಡು ಸಣ್ಣದು. ಯಾರು ಕೈ ಹಾಕಿದರೂ ಬಂದು ಕುಟುಕುತ್ತಿದ್ದ ಹೆಣ್ಣಿಗೆ ಅತ್ತೆ "ಯಜಮಾನ್ತಿ" ಎಂದು ಹೆಸರಿಟ್ಟರು. ಗಂಡಿಗೆ ಬೇರೆ ಹೆಸರಿಲ್ಲ, "ಯಜಮಾನ್ತಿ ಗಂಡ" ಅಷ್ಟೆ. ಇವರಲ್ಲದೆ ದಿನವಿಡೀ ಮರಳು ತೋಡುವ ಒಂದು ಪುಟ್ಟ ಮೀನಿತ್ತು. ಉಳಿದದ್ದೆಲ್ಲ ಹವಳ, ಕಲ್ಲು, ಬಸವನಹುಳು.

ಕೇಡು ಬಂದದ್ದು ಆರತಿ ತಟ್ಟೆಯ ಹಿಂದೆ. ಬೆಂಗಳೂರಿನ ಅಂಗಡಿಯಿಂದ ರಾತ್ರಿ ರೈಲಿನಲ್ಲಿ ಒಂದು ನೀಲಿ ಮೀನು ತರಿಸಿದ್ದೆ. ಹೊಸ ಮೀನನ್ನು ನೇರವಾಗಿ ಟ್ಯಾಂಕಿಗೆ ಬಿಡಬಾರದು. ಒಂದು ತಿಂಗಳಾದರೂ ಬೇರೆ ತೊಟ್ಟಿಯಲ್ಲಿಟ್ಟು, ರೋಗವಿಲ್ಲವೆಂದು ಖಾತ್ರಿಯಾದ ಮೇಲೆ ಸೇರಿಸಬೇಕು. ಹಿತ್ತಲಿನ ಪಡಸಾಲೆಯಲ್ಲಿ ತೊಟ್ಟಿ ತಯಾರಿತ್ತು. ಮೀನಿದ್ದ ಪ್ಲಾಸ್ಟಿಕ್ ಚೀಲ ಹಿಡಿದು ನಾನು ಅತ್ತ ಹೊರಟರೆ ಅತ್ತೆ ಹೊಸ್ತಿಲಲ್ಲೇ ತಡೆದರು.

"ಶುಕ್ರವಾರ ಮನಿಗೆ ಬಂದ ಲಕ್ಷ್ಮೀನ ಹಿತ್ತಲದಾಗ ಕುಂದರಸ್ತಿಯೇನು? ನಾಳೆ ಅಮಾಸಿ ಬ್ಯಾರೆ. ಇವತ್ತ ಒಳಗ ಕರಕೋ."

"ಒಂದು ತಿಂಗಳು ಬ್ಯಾರೆ ಇಡಬೇಕ್ರಿ ಅತ್ತಿ."

"ನಿನ್ನ ಈ ಮನಿಗೆ ತುಂಬಿಸ್ಕೊಂಡಾಗ ಒಂದು ತಿಂಗಳು ಹೊರಗ ಇಟ್ಟಿದ್ನೇನು?"

ಅರಿಶಿನ, ಸುಣ್ಣ ಕಲಸಿದ ಕೆಂಪು ನೀರಿನಲ್ಲಿ ಚೀಲಕ್ಕೆ ಆರತಿಯಾಯಿತು. ಹೊಲಿಯಲು ಬಂದ ಹೆಂಗಸರು ಸೋಬಾನೆ ಹೇಳಿ ಬಿದ್ದು ಬಿದ್ದು ನಕ್ಕರು. ನನಗೂ ಆ ನೀಲಿಯನ್ನು ಹವಳದ ನಡುವೆ ನೋಡುವ ಅವಸರವಿತ್ತು. ಚೀಲ ಬಿಚ್ಚಿ ಟ್ಯಾಂಕಿಗೇ ಬಿಟ್ಟೆ.

ಒಂದು ವಾರ ಕಳೆಯುವಷ್ಟರಲ್ಲಿ ನೀಲಿ ಮೀನಿನ ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆಗಳು ಕಂಡವು. ಆಮೇಲೆ ಎಲ್ಲ ಮೀನುಗಳ ಮೈಮೇಲೂ. ಇದು ಬಿಳಿ ಚುಕ್ಕೆ ರೋಗ, ಮೀನಿನ ಮೈಯನ್ನೇ ಉಂಡು ಬದುಕುವ ಹುಳುವಿನ ಕೆಲಸ. ಅತ್ತೆಯ ಪ್ರಕಾರ ಅದು ಬೇರೆ. "ಅಮ್ಮ ಬಂದಾಳ" ಎಂದು ಟ್ಯಾಂಕಿನ ಮೇಲೆ ಬೇವಿನ ಸೊಪ್ಪು ಕಟ್ಟಿದರು, ಅಡುಗೆಯಲ್ಲಿ ಒಗ್ಗರಣೆ ನಿಲ್ಲಿಸಿದರು. ಒಗ್ಗರಣೆಯಿಲ್ಲದ ಸಾರು ಉಂಡು ನನ್ನ ಗಂಡ ಸೊರಗಿದ. ರೋಗ ಸೊರಗಲಿಲ್ಲ.

ಇದಕ್ಕಿರುವುದು ತಾಮ್ರದ ಔಷಧಿ. ಅದನ್ನು ಟ್ಯಾಂಕಿಗೆ ಹಾಕಿದರೆ ಹವಳ, ಬಸವನಹುಳು ಎಲ್ಲವೂ ಸಾಯುತ್ತವೆ. ಹಾಗಾಗಿ ಮೀನುಗಳನ್ನು ಹಿಡಿದು ಹಿತ್ತಲಿನ ತೊಟ್ಟಿಗೆ ಹಾಕಿ ಅಲ್ಲಿ ಔಷಧಿ ಕೊಟ್ಟೆ. ನೀಲಿ ಮೀನು ಹೋಯಿತು. ಮರಳು ತೋಡುವುದು ಹೋಯಿತು. ಒಂದು ಬೆಳಿಗ್ಗೆ ಯಜಮಾನ್ತಿಯೂ ಮಗ್ಗುಲಾಗಿ ತೇಲುತ್ತಿದ್ದಳು. ಮೂವರನ್ನೂ ಕರಿಬೇವಿನ ಗಿಡದ ಬುಡದಲ್ಲಿ ಮಣ್ಣು ಮಾಡಿದೆವು. ಅತ್ತೆ ಅಳಲಿಲ್ಲ. ಆದರೆ ಅವತ್ತು ಸೂಜಿಯನ್ನೂ ಮುಟ್ಟಲಿಲ್ಲ.

ಉಳಿದವನು ಯಜಮಾನ್ತಿ ಗಂಡನೊಬ್ಬನೇ. ಅವನಿಗೆ ಗುಣವಾಗಿತ್ತು, ಆದರೆ ಕೂಡಲೇ ಟ್ಯಾಂಕಿಗೆ ಬಿಡುವಂತಿರಲಿಲ್ಲ. ಎರಡು ತಿಂಗಳ ಮೇಲಾದರೂ ಅಲ್ಲಿ ಒಂದೂ ಮೀನಿರಬಾರದು. ಆಗ ಉಣ್ಣಲು ಮೈ ಸಿಗದೆ ಹುಳುಗಳು ತಾವಾಗಿಯೇ ಸಾಯುತ್ತವೆ. ಅಲ್ಲಿಯವರೆಗೆ ಅವನಿಗೆ ಹಿತ್ತಲಿನ ಬರಿಗೋಡೆಯ ತೊಟ್ಟಿಯೇ ಗತಿ. ಬಚ್ಚಿಟ್ಟುಕೊಳ್ಳಲು ಒಂದು ತುಂಡು ಪೈಪು ಬಿಟ್ಟರೆ ಅದರಲ್ಲಿ ಏನೂ ಇಲ್ಲ.

"ಅದೊಂದ ಉಳದೈತಿ" ಎಂದರು ಅತ್ತೆ. "ಅದೂ ಹ್ವಾದ್ರ ನನಗ ಈ ಗಾಜಿನ ಪೆಟ್ಟಿಗಿ ನೋಡಾಕ ಆಗಂಗಿಲ್ಲವ್ವ. ತಗದುಬಿಡು."

ಅವರು ಯಾವತ್ತೂ ನನಗೆ ಏನನ್ನೂ ತೆಗೆದುಬಿಡು ಅಂದವರಲ್ಲ. ಆ ಮಾತು ನನ್ನೊಳಗೆ ಕೂತುಬಿಟ್ಟಿತು. ಅವನನ್ನು ಬದುಕಿಸಿ ಹವಳದ ನಡುವೆ ಮತ್ತೆ ಬಿಡಲೇಬೇಕೆಂದು ಹಟ ಹಿಡಿದೆ.

ಅಷ್ಟರಲ್ಲಿ ಹಾಲ್‌ನ ಟ್ಯಾಂಕಿನಲ್ಲಿ ಪಾಚಿ ಶುರುವಾಯಿತು. ಮೊದಲು ಕಲ್ಲಿನ ಮೇಲೆ ಹಸಿರು ನೆರಳು, ಆಮೇಲೆ ಬೆರಳುದ್ದದ ಕೂದಲು. ಬಂಡೆಗಳಿಗೆಲ್ಲ ಜಡೆ ಬಂದಿತ್ತು. ಹವಳಗಳು ಅದರಡಿ ಮುದುಡಿಕೊಂಡವು. ಇಂಥ ನೀರಿಗೆ ಅವನನ್ನು ಬಿಡುವ ಹಾಗಿಲ್ಲ, ರಾತ್ರಿಯಾದರೆ ಪಾಚಿ ನೀರಿನ ಉಸಿರನ್ನೇ ಎಳೆದುಕೊಳ್ಳುತ್ತದೆ. ಹಿತ್ತಲಲ್ಲಿ ಬಿಸಿಲು ಏರುತ್ತಿತ್ತು. ತೊಟ್ಟಿಗೆ ಫ್ಯಾನ್ ಇಟ್ಟರೆ ಕರೆಂಟು ಕೈಕೊಡುತ್ತಿತ್ತು, ಕರೆಂಟು ಹೋದಾಗ ಅತ್ತೆ ಬೀಸಣಿಗೆ ಹಿಡಿದು ಕೂರುತ್ತಿದ್ದರು. ಅವನ ಕಿತ್ತಳೆ ಬಣ್ಣ ತೊಳೆದ ಬಟ್ಟೆಯಂತೆ ಮಾಸಿತು. ಉಣ್ಣುವುದು ಕಡಿಮೆ ಮಾಡಿದ. ನನಗೆ ಹೆದರಿಕೆಯಾಯಿತು.

ಹೆದರಿಕೆಯಾದರೆ ನಾನು ಬೈಯುವವಳು. ಪಾಚಿಗೆ ಕಬ್ಬಿಣವೆಂದರೆ ಟಾನಿಕ್. ನಮ್ಮ ಮನೆಗೆ ದಿನಾ ಕಬ್ಬಿಣ ಹೊತ್ತು ತರುವವರು ಯಾರು? ಗಂಡನನ್ನು ಹಿತ್ತಲ ಬಾಗಿಲಿಗೆ ತಳ್ಳಿದೆ. ಅಲ್ಲೇ ಜಳಕ, ಅಲ್ಲೇ ಬಟ್ಟೆ ಬದಲು, ಆಮೇಲೆ ಒಳಗೆ ಪ್ರವೇಶ.

"ನಿನ್ನ ಮೀನಿನ ಸಲುವಾಗಿ ನಾ ಬಯಲಾಗ ಜಳಕ ಮಾಡ್ಬೇಕೇನು?" ಎಂದ.

"ಮಾಡ್ರಿ. ನಿಮ್ಮ ಮೈಯಾಗಿನ ಅದಿರು ಗಣಿಯವ್ರಿಗೆ ವಾಪಸ್ ಕೊಡ್ರಿ."

ಅವನು ಪಾಪ, ಚಡ್ಡಿಯಲ್ಲಿ ನಿಂತು ತಂಬಿಗೆಯಿಂದ ನೀರು ಸುರಿದುಕೊಂಡ. ಪಕ್ಕದ ಮನೆಯ ತಾರಸಿಯಿಂದ ನಗು ಕೇಳಿಸಿತು. ಪಾಚಿ ಹಾಗೇ ಬೆಳೆಯಿತು. ನೀರು ಸೋಸುವ ಫಿಲ್ಟರ್ ಬದಲಿಸಿದೆ, ಕಿಟಕಿಗೆ ಪರದೆ ಹಾಕಿದೆ, ಅರ್ಧರ್ಧ ನೀರು ತೆಗೆದು ಹೊಸತು ತುಂಬಿದೆ. ಪ್ರತಿ ಸಲ ಪರೀಕ್ಷೆ ಮಾಡಿದರೂ ಬಾಟಲಿಯಲ್ಲಿ ಅದೇ ಕಡುನೀಲಿ, ಅಂದರೆ ನೀರಿನಲ್ಲಿ ಫಾಸ್ಫೇಟ್ ತುಂಬಿದೆ. ಫಾಸ್ಫೇಟ್ ಬರುವುದು ಹೆಚ್ಚಾಗಿ ತಿನಿಸಿನಿಂದ. ಮೀನೇ ಇಲ್ಲದ ಟ್ಯಾಂಕಿಗೆ ತಿನಿಸೆಲ್ಲಿಂದ ಬರಬೇಕು? ಅದಿರಿನ ಲೆಕ್ಕ ತಪ್ಪದ ನನಗೆ ನಾಲ್ಕಡಿ ನೀರಿನ ಲೆಕ್ಕ ಹತ್ತುತ್ತಿಲ್ಲವಲ್ಲ ಎಂದು ಮೈ ಪರಚಿಕೊಳ್ಳುವಂತಾಯಿತು.

ಒಂದು ದಿನ ಲ್ಯಾಬ್‌ನ ಯಂತ್ರ ಕೆಟ್ಟು, ಹೋದ ಹಾಗೇ ಮನೆಗೆ ಬಂದೆ. ಅತ್ತೆ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಟ್ಯಾಂಕಿನ ಮುಂದೆ ನಿಂತಿದ್ದರು. ಕೈಯಲ್ಲಿ ಕಾಳಿನ ಡಬ್ಬಿ. ಒಂದು ಚಿಟಿಕೆ ಹಾಕಿದರು, ಇನ್ನೊಂದು, ಮತ್ತೊಂದು. ಆಮೇಲೆ ಕೈಮುಗಿದರು.

"ಅತ್ತಿ! ಏನ್ ಮಾಡಾಕತ್ತೀರಿ?"

ಅವರಿಗೆ ಗಾಬರಿಯೇನೂ ಆಗಲಿಲ್ಲ. "ಎಡಿ ಇಡಾಕತ್ತೀನಿ. ನಿಮ್ಮ ಮಾವಗ ಅಮಾಸಿಗೊಮ್ಮೆ ಇಡ್ತೀವಿ. ಇವು ಮೂರೂ ದಿನಾ ನನ್ನ ಕೈಲೆ ಉಂಡ ಜೀವ. ಇವಕ್ಕ ದಿನಾ ಇಡಬ್ಯಾಡೇನು?"

"ಅವು ಸತ್ತಾವ್ರಿ!"

"ಸತ್ತವ್ರಿಗೇ ಎಡಿ ಇಡೋದವ್ವ. ಸಂಜಿಗೆ ನೋಡಿದ್ರ ಒಂದ ಕಾಳೂ ಉಳದಿರಾಂಗಿಲ್ಲ. ಮುಟ್ಟೇತಿ ಅಂತ ತಿಳಕೊಂಡೀನಿ."

ಮುಟ್ಟಿದ್ದು ಪಾಚಿಗೆ. ನಾಲಗೆ ತುದಿಗೆ ಬಂದಿದ್ದ ಬೈಗುಳ ಅವರ ಮುಖ ನೋಡಿ ಅಲ್ಲೇ ನಿಂತಿತು. ನನಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. ನನ್ನ ಮೂರು ಮೀನುಗಳಿಗೆ ಇಷ್ಟು ಮರ್ಯಾದೆ ಕೊಟ್ಟವರು ಈ ಲೋಕದಲ್ಲಿ ಬೇರೆ ಯಾರಿದ್ದಾರೆ? ಆದರೂ ಸುಮ್ಮನಿರುವ ಹಾಗಿರಲಿಲ್ಲ. ಅವರನ್ನು ಕೂಡಿಸಿಕೊಂಡು, ಕಾಳು ಕೊಳೆತು ಗೊಬ್ಬರವಾಗುವುದನ್ನೂ ಪಾಚಿ ಅದನ್ನುಂಡು ಬೆಳೆಯುವುದನ್ನೂ ಹೇಳಿದೆ. ಬುಕ್ಕಸಾಗರದ ನನ್ನ ತವರಿನ ಗದ್ದೆಯ ಉದಾಹರಣೆ ಕೊಟ್ಟೆ: ಯೂರಿಯಾ ಜಾಸ್ತಿಯಾದರೆ ಭತ್ತಕ್ಕಿಂತ ಕಳೆಯೇ ಎದ್ದು ನಿಲ್ಲುವುದಿಲ್ಲವೇ? ಅವರಿಗೆ ತಕ್ಷಣ ತಿಳಿಯಿತು. ಹಿತ್ತಲಿನ ಕಡೆ ನೋಡಿದರು.

"ಹಂಗಾರ ಅವನ ದಾರಿಗೆ ನಾನ ಅಡ್ಡ ನಿಂತೀನೇನು?" ಎಂದರು.

ಆ ಮಾತನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಇಲ್ಲ ಎಂದೆ, ಆರತಿ ಮಾಡಿದ ದಿನದಿಂದ ಎಲ್ಲರೂ ಸೇರಿಯೇ ನಿಂತಿದ್ದೇವೆ ಎಂದೆ. ಎಡೆ ನಿಲ್ಲಿಸಿ ಎನ್ನಲು ಮನಸ್ಸಾಗಲಿಲ್ಲ. ಮುಂದಿನ ಅಮಾವಾಸ್ಯೆಗೆ ಎಡೆಯನ್ನು ಹೊಳೆಗೇ ಇಡೋಣವೆಂದು ನಾವು ಮೂವರೂ ಬುಕ್ಕಸಾಗರಕ್ಕೆ ಹೋದೆವು. ಬೇಸಿಗೆಯ ಹೊಳೆ ಬಂಡೆಗಳ ನಡುವೆ ಮಡುಗಟ್ಟಿ ನಿಂತಿತ್ತು. ಅತ್ತೆ ಸೆರಗು ಹೊದ್ದು, ಮಂಡಕ್ಕಿಗೆ ಆ ಕಾಳನ್ನೇ ಬೆರೆಸಿ, ಮೂರು ಹಿಡಿ ನೀರಿಗೆ ಹಾಕಿದರು. ಹೊಳೆಯ ಮೀನುಗಳು ಗುಂಪುಗುಂಪಾಗಿ ಬಂದು ಬಾಯಿ ಹಾಕಿದವು. "ಉಂಡ್ರು ನೋಡು, ಕಣ್ಣೆದುರಿಗೇ ಉಂಡ್ರು" ಎಂದು ಅವರು ಮಗನ ಭುಜ ತಟ್ಟಿದರು. ವಾಪಸ್ ಬರುವಾಗ ನಮ್ಮವ್ವ ಕೊಟ್ಟ ಮಿರ್ಚಿಯನ್ನು ದಾರಿಯಲ್ಲೇ ತಿಂದು ಮುಗಿಸಿದೆವು.

ಆಮೇಲೆ ಪಾಚಿಯನ್ನು ಉಪವಾಸ ಕೆಡವಿದೆವು. ಕೈಯಿಂದ ಕೀಳುವಷ್ಟು ಕಿತ್ತು, ದೀಪವಾರಿಸಿ, ಟ್ಯಾಂಕಿಗೆ ಒಂದಿಷ್ಟೂ ಬೆಳಕು ತಾಗದಂತೆ ಕೆಲವು ದಿನ ಮುಚ್ಚಬೇಕಿತ್ತು. ನಾನು ರಟ್ಟು ಹುಡುಕುತ್ತಿದ್ದರೆ ಅತ್ತೆ ಪೆಟ್ಟಿಗೆಯಿಂದ ತಮ್ಮ ಕೌದಿ ತೆಗೆದರು, ಆರು ಪದರದ್ದು. ಸುತ್ತಲೂ ಹೊದಿಸಿ, ಬಾಣಂತಿಯ ಮಂಚಕ್ಕೆ ಪರದೆ ಕಟ್ಟುವ ಹಾಗೆ ಹಗ್ಗ ಬಿಗಿದರು. ಹೊಲಿಯಲು ಬಂದ ಹೆಂಗಸರು ಪಿಸುಮಾತಿನಲ್ಲಿ, "ಯಾರಿಗೆ ಆರಾಮಿಲ್ರಿ?" ಎಂದು ಕೇಳಿದರು. "ಸಮುದ್ರಕ್ಕ" ಎಂದರು ಅತ್ತೆ, ದಾರ ಪೋಣಿಸುತ್ತಾ.

ಕೌದಿ ತೆಗೆದಾಗ ಪಾಚಿ ಬಿಳಿಚಿಕೊಂಡು ಸಡಿಲವಾಗಿತ್ತು. ಭಾನುವಾರ ಮೂವರೂ ಹಾಲ್‌ನಲ್ಲೇ ಕೂತೆವು. ನಾನು ಕಲ್ಲು ತೆಗೆದು ಕೊಡುವವಳು, ಅತ್ತೆ ಉಪ್ಪುನೀರಿನ ಬೋಗುಣಿಯಲ್ಲಿ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕುವವರು, ಗಂಡ ಬಕೆಟ್ ಹೊರುವವನು. ಹಿತ್ತಲಲ್ಲಿ ಜಳಕ ಮಾಡುತ್ತಿದ್ದ ಅವನನ್ನು ಅಷ್ಟರಲ್ಲಿ ಒಳಗಿನ ಬಚ್ಚಲಿಗೆ ವಾಪಸ್ ಕರೆದುಕೊಂಡಿದ್ದೆ. ವಾರ ಕಳೆದಂತೆ ಬಾಟಲಿಯ ನೀಲಿ ತೆಳುವಾಯಿತು. ಮುದುಡಿದ್ದ ಹವಳಗಳು ಒಂದೊಂದಾಗಿ ಬಾಯಿ ಬಿಟ್ಟವು. ಎರಡು ತಿಂಗಳು ದಾಟಿ, ಡ್ಯಾಮಿಗೆ ಹೊಸ ನೀರು ಬರುವ ಹೊತ್ತಿಗೆ, ಯಜಮಾನ್ತಿ ಗಂಡನನ್ನು ಪಾತ್ರೆಯಲ್ಲಿ ಹಿಡಿದು ತಂದು ಮೆಲ್ಲಗೆ ಬಿಟ್ಟೆ. ಅವನು ನೇರ ಬಂಡೆಯ ಹಿಂದೆ ಸೇರಿಕೊಂಡ. ನಾವು ಮೂವರೂ ಗಾಜಿಗೆ ಮುಖ ಹಚ್ಚಿ ಕೂತೆವು. ಅವನು ಹೊರಗೆ ಬಂದಾಗ ನನ್ನ ಕಣ್ಣು ತುಂಬಿದ್ದವು, ಸಂತೋಷಕ್ಕೇ.

ತಿಂಗಳೊಪ್ಪತ್ತಿನಲ್ಲಿ ಬಣ್ಣ ಮರಳಿತು, ಮೈ ತುಂಬಿತು. ಒಂದು ಮಧ್ಯಾಹ್ನ ನಾನು ಗಾಜು ಒರೆಸಲು ಕೈ ಹಾಕಿದರೆ ಸರ್ರನೆ ಬಂದು ಕುಟುಕಿದ. ಮೊದಲು ಹೆಂಡತಿಯ ಹಿಂದೆ ಅಡಗುತ್ತಿದ್ದವನು! ನಾನು ನಗುತ್ತಾ ಅತ್ತೆಗೆ ಹೇಳಿದೆ: ಈ ಜಾತಿಯಲ್ಲಿ ಮನೆ ಕಾಯುವವಳು ಹೆಣ್ಣು, ಆಕೆ ಸತ್ತರೆ ಉಳಿದ ಗಂಡೇ ನಿಧಾನಕ್ಕೆ ದೊಡ್ಡದಾಗಿ ಹೆಣ್ಣಾಗುತ್ತದೆ. ಬಾಯಿಮೇಲೆ ಬೆರಳಿಡುತ್ತಾರೆ ಅಂದುಕೊಂಡಿದ್ದೆ. ಅವರು ಹೊಲಿಗೆ ನಿಲ್ಲಿಸಿ ಟ್ಯಾಂಕ್ ನೋಡಿದರು.

"ಅದರಾಗೇನೈತವ್ವ? ನಿಮ್ಮ ಮಾವ ಹ್ವಾದಾಗ ನಿನ್ನ ಗಂಡ ಇನ್ನಾ ಎದಿಹಾಲು ಕುಡಿಯೋ ಕೂಸು. ನಾನೂ ಗಂಡಸಾದೆ. ಆಗಬೇಕಾತು."

ಹೀಗೆ ಅವರು ಆ ದಿನಗಳ ಮಾತನ್ನು ನನ್ನೆದುರು ಆಡಿದ್ದು ಅದೇ ಮೊದಲು. ನಾನು ಒದ್ದೆ ಕೈಯಲ್ಲೇ ಅವರ ಪಕ್ಕ ಕೂತೆ. ಅವರು ಮಾತ್ರ ಹಗುರಾಗಿ ಎದ್ದು ಬಂದು, ಡಬ್ಬಿ ತೆರೆದು, ನಾನು ಹೇಳಿಕೊಟ್ಟ ಅಳತೆಯಂತೆ ಒಂದೇ ಚಿಟಿಕೆ ಹಾಕಿದರು. "ಉಣ್ಣು, ಯಜಮಾನ್ತಿ" ಎಂದರು. ಮೀನು ಮೇಲೆ ಬಂದು ಉಂಡಿತು.

"ಇನ್ನೊಂದು ಚಿಟಿಕಿ ಹಾಕ್ರಿ ಅತ್ತಿ" ಎಂದೆ.