ಅತ್ತೆ ನೆಟ್ಟಗೆ ಮಾಡಿದ ಚಡ್ಡಿ

ನಮ್ಮತ್ತೆಗೆ ಸೊಟ್ಟ ಕಂಡರೆ ಆಗದು. ಕಿಟಕಿಯ ಪರದೆ ಒಂದು ಬೆರಳು ಜಗ್ಗಿದರೂ ಊಟ ಬಿಟ್ಟು ಏಳುವ ಹೆಂಗಸು. ಮೂವತ್ತು ವರ್ಷದಿಂದ ಫುಟ್‌ಬಾಲ್ ಕ್ಲಬ್ಬಿನ ಬಟ್ಟೆ ಸರಿಪಡಿಸುವವರು ಅವರೇ. ಆಟಗಾರರ ಸ್ನಾಯು ನೋಡಿಕೊಳ್ಳುವ ಫಿಸಿಯೋ ನಾನು. ಅಲ್ಲಿ ಆಡುವವನು ಅವರ ಕಿರಿಮಗ, ನನ್ನ ಭಾವಮೈದ. ಹೀಗಾಗಿ ಮನೆಗೆ ಬಂದರೂ ಅದೇ ಪುರಾಣ.

ಅವನ ಬಲತೊಡೆಯ ಹಿಂದಿನ ಸ್ನಾಯು ಆ ವರ್ಷ ಎರಡು ಸಲ ಹರಿದಿತ್ತು. ಮೂರನೇ ಸಲವಾದರೆ ತಂಡದಿಂದ ಕೈಬಿಡುತ್ತೇನೆ ಎಂದು ಕೋಚ್ ಮುಖಕ್ಕೆ ಹೊಡೆದಂತೆ ಹೇಳಿದ್ದ. ನಾನು ಐಸ್ ಇಟ್ಟೆ, ಉಜ್ಜಿದೆ, ಭಾರ ಎತ್ತಿಸಿದೆ. ಪಕ್ಕದಿಂದ ಫೋಟೊ ತೆಗೆದು ನಿಲುವು ನೋಡಿದೆ. ಚಡ್ಡಿಯ ಸೊಂಟಪಟ್ಟಿ ಗೆರೆ ಎಳೆದಷ್ಟು ನೇರವಾಗಿತ್ತು; ನಿಲುವು ಸರಿಯಿದೆ ಎಂದು ಬರೆದುಕೊಂಡೆ. ಅತ್ತೆಯೋ, ದಿನಕ್ಕೆ ಹತ್ತು ಸಲ "ಏನಾದ್ರೂ ಗೊತ್ತಾಯ್ತಾ?" ಎಂದು ಪ್ರಾಣ ತಿನ್ನುತ್ತಿದ್ದರು.

"ಗೊತ್ತಾದ್ರೆ ಹೇಳಲ್ವಾ ನಾನು!" ಎಂದು ರೇಗಿಬಿಟ್ಟೆ.

ಶನಿವಾರದ ಪಂದ್ಯಕ್ಕೆ ಎರಡು ದಿನ ಇತ್ತು. ಹೊಸ ಚಡ್ಡಿಗಳ ಗಂಟು ಮನೆಗೆ ಬಂದಿತ್ತು. ಭಾವಮೈದ ಒಂದನ್ನು ಹಾಕಿಕೊಂಡು ನಿಂತ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಅತ್ತೆ ಅವನ ಹಿಂದೆ ಕೂತರು. ಸೊಂಟಪಟ್ಟಿ ಮುಂದೆ ಇಳಿಬಿದ್ದಿತ್ತು, ಹಿಂದೆ ಮೇಲೆದ್ದಿತ್ತು.

"ಇದೇನತ್ತೆ, ಇಷ್ಟು ವಾಲಿದೆ?"

"ಇವನಿಗೆ ಯಾವಾಗ್ಲೂ ಹೀಗೇ. ಹಿಂದೆ ಎರಡು ಬೆರಳು ಕತ್ತರಿಸಿ, ಮುಂದೆ ಅಷ್ಟೇ ಪಟ್ಟಿ ಕೊಡ್ತೀನಿ. ನೆಟ್ಟಗೆ ಕೂರುತ್ತೆ. ಮೂರು ವರ್ಷದಿಂದ ಮಾಡ್ತಿದೀನಲ್ಲ."

ಫೋಟೊದಲ್ಲಿದ್ದ ನೇರ ಪಟ್ಟಿ ನೆನಪಾಯಿತು. ಅವನ ಸೊಂಟದ ಎಲುಬಿಗೆ ಹಿಂದೆ ಮುಂದೆ ಬೆರಳಿಟ್ಟು ನೋಡಿದೆ. ನೀರು ಬಗ್ಗಿಸುವ ಕೊಡದ ಹಾಗೆ ಇಡೀ ಸೊಂಟ ಮುಂದಕ್ಕೆ ವಾಲಿತ್ತು. ಹಾಗಿದ್ದರೆ ತೊಡೆಯ ಹಿಂದಿನ ಸ್ನಾಯು ಸುಮ್ಮನೆ ನಿಂತಾಗಲೂ ಎಳೆದುಕೊಂಡೇ ಇರುತ್ತದೆ, ಓಡಿದಾಗ ಕೇಳಬೇಕೆ? ಹರಿಯಲು ಇದೊಂದೇ ಕಾರಣ ಎನ್ನಲಾರೆ. ಆದರೆ ಮನೆಯವನೇ ತಾನೆ ಎಂದು ಎಲುಬು ಮುಟ್ಟದೆ, ಬಟ್ಟೆ ನೋಡಿ ಷರಾ ಬರೆದಿದ್ದೆ. ಥೂ, ನನ್ನ ಓದಿಗಿಷ್ಟು!

ವಿಷಯ ಹೇಳಿದೆ. ಅತ್ತೆ ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದರು.

"ಹಾಗಾದ್ರೆ ನಾನೇ ಮುಚ್ಚಿಟ್ಟೆನಾ?"

"ಇಬ್ರೂ ಸೇರಿ, ಅತ್ತೆ."

"ಅದೆಲ್ಲ ಇರ್ಲಿ ಭಾವ, ಶನಿವಾರ ಆಡ್ಲಾ ಬೇಡ್ವಾ?" ಎಂದ ಅವನು.

"ಬೇಡ. ಆರು ವಾರ ವ್ಯಾಯಾಮ."

"ಅಲ್ಲೀವರ್ಗೂ ನನ್ನ ಜಾಗ ಯಾರು ಕಾಯ್ತಾರೆ?" ಎಂದು ಬಾಗಿಲು ಬಡಿದುಕೊಂಡು ಹೋದ. ಅತ್ತೆ ಆ ಚಡ್ಡಿ ಹೊಲಿಯಲಿಲ್ಲ.

ಮರುದಿನ ಬೆಳಿಗ್ಗೆ ಕೋಚ್‌ಗೆ ಏನು ಹೇಳಲಿ ಎಂದು ತಡವರಿಸುತ್ತ ಕ್ಲಬ್ಬಿಗೆ ಹೋದರೆ, ಅತ್ತೆ ಆಗಲೇ ಅಲ್ಲಿದ್ದರು. ಮಗನನ್ನು ಸರಿಮಾಡದ ಅದೇ ಚಡ್ಡಿಯಲ್ಲಿ ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿದ್ದರು.

"ನೋಡಪ್ಪ, ಇವನು ನಿಲ್ಲೋದೇ ಹೀಗೆ. ಮೂರು ವರ್ಷ ನಾನು ನೆಟ್ಟಗೆ ತೋರಿಸಿದೆ. ಯಾರನ್ನಾದ್ರೂ ತೆಗೀಲೇಬೇಕು ಅಂದ್ರೆ ನನ್ನ ತೆಗಿ."

ಕೋಚ್ ನನ್ನನ್ನು ನೋಡಿದ. ತಪ್ಪು ನನ್ನದು ಕೂಡ ಎಂದು ಒಪ್ಪಿಕೊಂಡು, ವ್ಯಾಯಾಮ ಮುಗಿಯುವ ಆರು ವಾರ ಅವನ ಜಾಗ ಉಳಿಸಿಕೊಡಿ ಎಂದು ಕೇಳಿದೆ.

"ಆರು ವಾರ. ಅದರ ಮೇಲೆ ಒಂದು ದಿನ ಇಲ್ಲ," ಎಂದ ಕೋಚ್.

ಹೊರಗೆ ಬರುವಾಗ ಅತ್ತೆಯ ಕೈ ತಾನಾಗಿ ಮಗನ ಸೊಂಟಪಟ್ಟಿ ಸರಿಮಾಡಲು ಹೋಯಿತು. ಮುಟ್ಟುವ ಮೊದಲೇ ಹಿಂದಕ್ಕೆ ತೆಗೆದುಕೊಂಡರು.